ಸಿಂಗಪುರ ಬಿದ್ದದ್ದು ಹೇಗೆ? ಒಂದು ಮಲಯ ದ್ವೀಪರಾಜ್ಯದ ಕೊನೆಯ ಪ್ರಕರಣ

ಮಲಯ ಪರ್ಯಾಯದ್ವೀಪದ ತುದಿಯಲ್ಲಿದ್ದ ಸಿಂಗಪುರ ಎಂಬ ಪುಟ್ಟ ರಾಜ್ಯ 1390ರ ದಶಕದಲ್ಲಿ ತನ್ನ ಅರಸನನ್ನು ಕಳೆದುಕೊಂಡಿತು. ಅರಸ ತಲೆತಪ್ಪಿಸಿಕೊಂಡು ಉತ್ತರಕ್ಕೆ ಓಡಿದ, ಮುವಾರ್ ನದಿಯ ಆಸುಪಾಸಿನಲ್ಲಿ ಕೆಲಕಾಲ ತಂಗಿದ, ಕಡೆಗೆ ಮಲಕ್ಕಾ ಕಟ್ಟಿದ. ಇಷ್ಟರ ಮಟ್ಟಿಗೆ ಸಾಕ್ಷಿಗಳ ನಡುವೆ ತಕರಾರಿಲ್ಲ. ಓಡಿಸಿದವರು ಯಾರು, ಓಡಿದವನ ಹೆಸರೇನು, ಊರು ಸೋತದ್ದು ಯಾತಕ್ಕೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

ಮಲಯ ಅರಮನೆಯ ಚರಿತ್ರೆಯಾದ 'ಸೆಜಾರಾ ಮೆಲಾಯು' ಜಾವಾದ ಮಜಪಾಹಿತ್ ಸಾಮ್ರಾಜ್ಯದ ಸೈನ್ಯದ ಕಡೆ ಬೆರಳು ತೋರಿಸುತ್ತದೆ. ಅದರ ಪ್ರಮುಖ ಪಾಠ 1612ರದು, ಮಲಕ್ಕಾ ವಂಶದ ಮುಂದುವರಿಕೆಯಾದ ಜೊಹೋರ್ ಆಸ್ಥಾನದ್ದು. ಅಂದರೆ ಘಟನೆಗೂ ಬರಹಕ್ಕೂ ನಡುವೆ ಇನ್ನೂರು ವರ್ಷಕ್ಕೂ ಮಿಕ್ಕಿದ ಅಂತರ. 1512ರಿಂದ 1515ರವರೆಗೆ ಮಲಕ್ಕಾದಲ್ಲಿದ್ದ ಪೋರ್ಚುಗೀಸ್ ಔಷಧಿಕಾರ ತೊಮೆ ಪಿರೆಸ್ ಸಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ, ಹೆಸರು ಹೇಳುತ್ತಾನೆ. ಅವನಿಗೂ ಘಟನೆಗೂ ಅಂತರ ನೂರಿಪ್ಪತ್ತು ವರ್ಷದ ಆಸುಪಾಸು. ಮೂರನೆಯವನು ಚೀನೀ ವರ್ತಕ ವಾಂಗ್ ದಾಯುವಾನ್. ಅವನ ಪ್ರವಾಸ ವರದಿ 1349ರದು. ಪತನವನ್ನು ಅವನು ಕಂಡಿಲ್ಲ, ಆದರೆ ಊರನ್ನು ಅದು ಬದುಕಿದ್ದಾಗ ಬಲ್ಲವನು ಅವನೊಬ್ಬನೇ. ನಾಲ್ಕನೆಯ ಸಾಕ್ಷಿ ಮಣ್ಣು. ಇಂದಿನ ಸಿಂಗಾಪುರದ ಫೋರ್ಟ್ ಕ್ಯಾನಿಂಗ್ ಗುಡ್ಡ ಮತ್ತು ನದೀಮುಖದಲ್ಲಿ 1984ರಿಂದ ನಡೆದ ಉತ್ಖನನಗಳು ಕೊಟ್ಟದ್ದು.

ಈ ಪ್ರಕರಣವನ್ನು ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಮಲಯ ಕಥೆಯನ್ನು ಕಟ್ಟುಕಥೆ ಎಂದು ಬದಿಗಿಟ್ಟು ಪಿರೆಸ್‌ನನ್ನು ನಂಬುತ್ತಾರೆ, ಇಲ್ಲವೇ ಎರಡನ್ನೂ ಕಲಸಿ ಮೂರನೆಯ ಕಥೆ ಕಟ್ಟುತ್ತಾರೆ. ಎರಡೂ ದಾರಿ ತಪ್ಪು. ಮಲಯ ಕಥೆ ಯುದ್ಧದ ವರದಿಯೇ ಅಲ್ಲ, ಅದು ಅರಸನ ಮೇಲೆ ನಡೆದ ವಿಚಾರಣೆಯ ಕಡತ. ಹಾಗೆ ಓದಿದಾಗ ಅದರ ಒಂದೊಂದು ವಿವರಕ್ಕೂ ಕೆಲಸವಿದೆ.

ಊರು ಹೇಗಿತ್ತು

ಮುತ್ತಿಗೆ ಅರ್ಥವಾಗಬೇಕಾದರೆ ಮೊದಲು ನೆಲ ಗೊತ್ತಿರಬೇಕು. 1822ರ ಫೆಬ್ರವರಿಯಲ್ಲಿ ಜಾನ್ ಕ್ರಾಫರ್ಡ್ ಎಂಬ ಬ್ರಿಟಿಷ್ ಅಧಿಕಾರಿ ಹಳೆಯ ಊರಿನ ಅವಶೇಷಗಳ ಸುತ್ತ ನಡೆದಾಡಿ ಅಳತೆಗಳನ್ನು ಬರೆದಿಟ್ಟ. ಆಗಿನ್ನೂ ವಸಾಹತಿನ ಕಟ್ಟಡಗಳು ಎಲ್ಲವನ್ನೂ ನುಂಗಿರಲಿಲ್ಲ. ಅವನು ಕಂಡ ಊರು ತ್ರಿಕೋನಾಕಾರದ್ದು. ಒಂದು ಬದಿ ಸಮುದ್ರ, ಒಂದು ಬದಿ ಸಿಂಗಾಪುರ ನದಿಯ ಉಪ್ಪುನೀರಿನ ಕಾಲುವೆ, ಮೂರನೆಯ ಬದಿಗೆ ಮಣ್ಣಿನ ಗೋಡೆ. ಗೋಡೆಯ ಬುಡದ ಅಗಲ 16 ಅಡಿ, ಆಗ ಉಳಿದಿದ್ದ ಎತ್ತರ ಎಂಟು ಒಂಬತ್ತು ಅಡಿ, ಉದ್ದ ಕಡಲ ದಂಡೆಯಿಂದ ಗುಡ್ಡದ ಬುಡದವರೆಗೆ ಹೆಚ್ಚುಕಡಿಮೆ ಒಂದು ಮೈಲಿ. ಗೋಡೆಯ ಬುಡದಲ್ಲಿ ಒಂದು ತೊರೆ ಹರಿಯುತ್ತ ಕಂದಕದ ಕೆಲಸ ಮಾಡುತ್ತಿತ್ತು. ಈಗಿನ ಸ್ಟ್ಯಾಂಫರ್ಡ್ ರಸ್ತೆ ಸಾಗುವುದು ಸರಿಸುಮಾರು ಆ ತೊರೆಯ ಜಾಡಿನಲ್ಲೇ.

ಈ ಅಳತೆಗಳಿಂದ ಒಂದು ಲೆಕ್ಕ ಮಾಡಬಹುದು. ಗೋಡೆಯ ಅಡ್ಡಕೊಯ್ತವನ್ನು ತ್ರಿಕೋನವೆಂದೇ ಹಿಡಿದರೂ ಸುಮಾರು 68 ಚದರಡಿ, ಐದು ಸಾವಿರ ಅಡಿ ಉದ್ದಕ್ಕೆ 3,40,000 ಘನ ಅಡಿ ಮಣ್ಣು. ಒಬ್ಬ ಆಳು ದಿನಕ್ಕೆ 50 ಘನ ಅಡಿ ಅಗೆದು ಹೊತ್ತು ಹಾಕುತ್ತಾನೆಂದರೆ 200 ಜನಕ್ಕೆ ಸುಮಾರು 34 ದಿನದ ಕೆಲಸ. ನಾನೂರು ವರ್ಷದ ಮಳೆಗೆ ಕರಗಿದ ಮೇಲೆ ಉಳಿದ ಗೋಡೆಯ ಲೆಕ್ಕ ಇದು, ಮೂಲ ಗೋಡೆ ಇನ್ನೂ ದೊಡ್ಡದು. ಹೇಗೇ ನೋಡಿದರೂ ಮಹಾಕೋಟೆಯಲ್ಲ. ಒಂದು ಬಂದರು ಪಟ್ಟಣ ತನ್ನ ಕೈಯಳತೆಯಲ್ಲಿ ಕಟ್ಟಿಕೊಳ್ಳಬಹುದಾದ ರಕ್ಷಣೆ. ಭೂಮಿಯ ಕಡೆಯಿಂದ ನುಗ್ಗುವವರನ್ನು ತಡೆಯುತ್ತದೆ, ಕಡಲ ಕಡೆಯಿಂದ ಬರುವವರ ಎದುರು ಊರಿನ ದೋಣಿಗಳೇ ಗತಿ.

ಗೋಡೆಯ ಒಳಗೆ, ಊರಿನ ಹಿಂಬದಿಗೆ, ಬುಕಿತ್ ಲರಂಗನ್ ಎಂಬ ಗುಡ್ಡ, ಇಂದಿನ ಫೋರ್ಟ್ ಕ್ಯಾನಿಂಗ್. ಜನಸಾಮಾನ್ಯರು ಹತ್ತಬಾರದ ಅರಸರ ಗುಡ್ಡ ಅದು. ಅದರ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಸಮಮಾಡಿದ್ದರು. ಕ್ರಾಫರ್ಡ್ ಅಲ್ಲಿ ಇಟ್ಟಿಗೆ ಕಟ್ಟಡಗಳ ಅಡಿಪಾಯ, ಹಳೆಯ ಹಣ್ಣಿನ ಮರಗಳು, ಮಡಕೆ ಚೂರುಗಳ ರಾಶಿ ಕಂಡ. ತುದಿಯ ಹತ್ತಿರ ಸುಮಾರು 40 ಅಡಿ ಚೌಕದ ಒಂದು ಜಗತಿ. ಅದರ ಮೇಲೆ ಹದಿನಾಲ್ಕು ದಪ್ಪ ಮರಳುಗಲ್ಲುಗಳು, ಒಂದೊಂದರಲ್ಲೂ ಒಂದು ತೂತು. ಮರದ ಕಂಬ ನಿಲ್ಲಿಸಲು ಕೊರೆದ ಪೀಠಗಳೆಂದು ಯಾರಿಗಾದರೂ ತೋಚುತ್ತದೆ. ಕಂಬ, ಛಾವಣಿ ಎಲ್ಲ ಗೆದ್ದಲಿಗೆ ಹೋಗಿವೆ, ಕೆಳಗಿನ ಕಲ್ಲು ಮಾತ್ರ ಉಳಿದಿದೆ. ಮಲಯ ಲೋಕದ ಅರಮನೆಗಳ ಹಣೆಬರಹವೇ ಇದು: ಮರದಲ್ಲಿ ಕಟ್ಟಿದ್ದೆಲ್ಲ ಮಣ್ಣಾಗುತ್ತದೆ, ಅಡುಗೆಮನೆಯ ಪಿಂಗಾಣಿ ಚೂರು ಉಳಿಯುತ್ತದೆ.

1928ರಲ್ಲಿ ಇದೇ ಗುಡ್ಡದಲ್ಲಿ ನೀರಿನ ಜಲಾಶಯಕ್ಕೆ ಅಗೆಯುತ್ತಿದ್ದ ಕೂಲಿಗಳಿಗೆ ಚಿನ್ನದ ಒಡವೆಗಳು ಸಿಕ್ಕವು. ಅದರಲ್ಲೊಂದು ತೋಳಬಂದಿ, ಅದರ ಫಲಕದ ಮೇಲೆ ಕಾಲಮುಖ. ನಮ್ಮ ಹೊಯ್ಸಳ ಗುಡಿಗಳ ತೋರಣದ ನೆತ್ತಿಯಲ್ಲಿ ಕೂತ ಕೀರ್ತಿಮುಖದ ಜಾವಾ ದಾಯಾದಿ ಅದು. ಶೈಲಿ ಪೂರ್ವ ಜಾವಾದ್ದು, ಹದಿನಾಲ್ಕನೆಯ ಶತಮಾನದ್ದು. ಗುಡ್ಡದ ಮೇಲಿದ್ದವರು ಮಜಪಾಹಿತ್‌ನ ವೈರಿಗಳಾಗಿದ್ದಿರಲಿ, ಸಾಮಂತರಾಗಿದ್ದಿರಲಿ, ತೊಟ್ಟ ಒಡವೆ ಮಾತ್ರ ಮಜಪಾಹಿತ್ ಅಭಿರುಚಿಯದೇ. 1365ರ ಜಾವಾ ಕಾವ್ಯ 'ನಾಗರಕೃತಾಗಮ' ತುಮಾಸಿಕ್ ಎಂಬ ಹೆಸರನ್ನು ಮಜಪಾಹಿತ್‌ಗೆ ತಲೆಬಾಗಿದ ನಾಡುಗಳ ಪಟ್ಟಿಯಲ್ಲಿ ಸೇರಿಸಿದೆ. ತುಮಾಸಿಕ್, ತೆಮಾಸೆಕ್, ಚೀನೀಯರ ದಾನ್-ಮಾ-ಶಿ ಎಲ್ಲ ಈ ಒಂದೇ ಜಾಗ.

ಜನವರಿ 1984ರಲ್ಲಿ ಪುರಾತತ್ವಜ್ಞ ಜಾನ್ ಮಿಕ್ಸಿಕ್ ನೇತೃತ್ವದಲ್ಲಿ ಗುಡ್ಡದ ಮೇಲೆ ನಡೆದ ಮೊದಲ ಕ್ರಮಬದ್ಧ ಉತ್ಖನನದಲ್ಲಿ ಹದಿನಾಲ್ಕನೆಯ ಶತಮಾನದ ಪದರ ಕದಡದೆ ಸಿಕ್ಕಿತು. ಅದರಲ್ಲಿ ಯುವಾನ್ ಕಾಲದ ಚೀನೀ ಪಿಂಗಾಣಿ, ಸ್ಥಳೀಯ ಮಡಕೆ, ಗಾಜಿನ ಚೂರು, ಮಣಿ. ಆಮೇಲೆ ನದೀಮುಖದ ಎಂಪ್ರೆಸ್ ಪ್ಲೇಸ್, ಪಾರ್ಲಿಮೆಂಟ್ ಆವರಣ, ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್ ಬಯಲು ಅಗೆದಾಗ ಚಿತ್ರ ಪೂರ್ತಿಯಾಯಿತು. ಗುಡ್ಡದ ಮೇಲೆ ಅರಮನೆ, ಕೆಳಗೆ ನದಿಯುದ್ದಕ್ಕೂ ವರ್ತಕರು ಮತ್ತು ಕಸುಬುದಾರರು. ಪೆದ್ರಾ ಬ್ರಾಂಕಾ ಬಂಡೆಯ ಬಳಿ ಮುಳುಗಿದ್ದ ಹದಿನಾಲ್ಕನೆಯ ಶತಮಾನದ ಹಡಗಿನಿಂದ 2016 ಮತ್ತು 2019ರ ನಡುವೆ ಮೇಲೆತ್ತಿದ ಪಿಂಗಾಣಿಯ ತೂಕವೇ ಸುಮಾರು ಮೂರೂವರೆ ಟನ್. ಈ ನೀರಿನಲ್ಲಿ ಅಂದು ಓಡುತ್ತಿದ್ದ ಸರಕಿನ ಪ್ರಮಾಣಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ.

ವಾಂಗ್ ದಾಯುವಾನ್ ಊರಿನ ಬಗ್ಗೆ ಬರೆದ ಒಂದು ಸಾಲು ಈ ಇಡೀ ಪ್ರಕರಣದ ಕೀಲಿ: ಹೊಲಗಳು ಬರಡು, ಭತ್ತ ಕಡಿಮೆ. ತವರ, ಲಾಕಾ ಸುಗಂಧಮರ, ಹಾರ್ನ್‌ಬಿಲ್ ಹಕ್ಕಿಯ ಕೊಕ್ಕಿನ ಮೇಲಿನ ದಂತದಂಥ ಗಟ್ಟಿ, ಹತ್ತಿ, ಇವು ಇಲ್ಲಿಂದ ಹೋಗುತ್ತಿದ್ದವು. ಬರುತ್ತಿದ್ದುದು ಬಟ್ಟೆ, ಕಬ್ಬಿಣ, ಪಿಂಗಾಣಿ. ಜಲಸಂಧಿಯಲ್ಲಿ ಇನ್ನೂರು ಮುನ್ನೂರು ದೋಣಿಗಳ ಕಡಲ್ಗಳ್ಳರ ಹಿಂಡು ಹೊಂಚುಹಾಕುತ್ತಿತ್ತೆಂದೂ, ಪಶ್ಚಿಮದಿಂದ ಸರಕು ತುಂಬಿ ಮರಳುವ ಹಡಗಿನವರು ಬಾಣ ತಡೆಯುವ ಪರದೆ ಕಟ್ಟಿಕೊಂಡೇ ಇಲ್ಲಿ ಹಾಯುತ್ತಿದ್ದರೆಂದೂ ಅವನು ಹೇಳುತ್ತಾನೆ. ಊರಿಗೆ ಕಾಸು ಬರುತ್ತಿದ್ದುದು ಕಡಲಿನಿಂದ, ಅನ್ನ ಬರುತ್ತಿದ್ದುದೂ ಕಡಲಿನಿಂದಲೇ.

ಭಾಷೆ ಕೊಟ್ಟುಕೊಂಡ ಗಳಿಗೆ

ಈಗ ಮಲಯ ಕಡತ. ಅದು ಸಿಂಗಪುರದಲ್ಲಿ ಅಲ್ಲ, ಸುಮಾತ್ರಾದ ಪಲೆಂಬಾಂಗ್‌ನಲ್ಲಿ ತೆರೆದುಕೊಳ್ಳುತ್ತದೆ. ಸಿಗುಂತಾಂಗ್ ಗುಡ್ಡದ ಮೇಲೆ ಮೂವರು ರಾಜಕುಮಾರರು ಪ್ರತ್ಯಕ್ಷರಾಗುತ್ತಾರೆ, ಅವರ ಬೆಳಕಿಗೆ ಗದ್ದೆಯ ಭತ್ತ ಚಿನ್ನವಾಗುತ್ತದೆ. ಅವರಲ್ಲೊಬ್ಬ ಶ್ರೀ ತ್ರಿ ಬುವನ. ಊರಿನ ಮುಖ್ಯಸ್ಥ ದೆಮಾಂಗ್ ಲೆಬಾರ್ ದಾವುನ್ ತನ್ನ ಮಗಳನ್ನು ಅವನಿಗೆ ಕೊಡುವ ಮುಂಚೆ ಒಂದು ಕರಾರು ಮಾಡಿಕೊಳ್ಳುತ್ತಾನೆ. ತನ್ನ ಸಂತತಿಯವರು, ಎಂದರೆ ಪ್ರಜೆಗಳು, ತಪ್ಪು ಮಾಡಿದರೆ ಶಿಕ್ಷಿಸು. ತಪ್ಪು ಮರಣದಂಡನೆಗೆ ತಕ್ಕದ್ದಾದರೆ ಕೊಲ್ಲು. ಆದರೆ ಅವರನ್ನು ಜನರೆದುರು ಮಾನಗೆಡಿಸಬೇಡ, ಕೆಟ್ಟ ಮಾತಿನಿಂದ ಹೀಯಾಳಿಸಬೇಡ. ಪ್ರತಿಯಾಗಿ ಅರಸ ಕೇಳುತ್ತಾನೆ: ನನ್ನ ಸಂತತಿ ಎಷ್ಟೇ ಕ್ರೂರವಾದರೂ ನಿನ್ನ ಸಂತತಿ ದ್ರೋಹ ಬಗೆಯಬಾರದು. ದೆಮಾಂಗ್ ಒಪ್ಪುತ್ತಾನೆ, ಆದರೆ ಒಂದು ಷರತ್ತು ಹಾಕುತ್ತಾನೆ: ನಿನ್ನವರು ಮೊದಲು ಮಾತಿಗೆ ತಪ್ಪಿದರೆ ನನ್ನವರೂ ತಪ್ಪುತ್ತಾರೆ.

ಇಲ್ಲಿಂದ ಮುಂದೆ ಸಿಂಗಪುರದ ಐದು ಅರಸರ ಕಥೆಯಲ್ಲಿ ಬರುವುದೆಲ್ಲ ಈ ಕರಾರಿನ ನೆರಳಿನಲ್ಲೇ. ಶ್ರೀ ತ್ರಿ ಬುವನ ಬಿಂತಾನ್ ದ್ವೀಪದಿಂದ ಎದುರುದಡದ ಬಿಳಿ ಮರಳು ಕಂಡು ಹೊರಡುತ್ತಾನೆ, ಬಿರುಗಾಳಿಗೆ ಸಿಕ್ಕಿ ಹಡಗು ಹಗುರಮಾಡಲು ಎಲ್ಲವನ್ನೂ ಎಸೆದು ಕೊನೆಗೆ ಕಿರೀಟವನ್ನೂ ಕಡಲಿಗೆ ಹಾಕುತ್ತಾನೆ, ದಡ ಸೇರಿ ಕೆಂಪು ಮೈ, ಕಪ್ಪು ತಲೆ, ಬಿಳಿ ಎದೆಯ ಮೃಗವೊಂದನ್ನು ಕಂಡು ಊರಿಗೆ ಸಿಂಗಪುರ ಎಂದು ಹೆಸರಿಡುತ್ತಾನೆ. ಆ ಮೃಗ ಸಿಂಹವೋ ಹುಲಿಯೋ ಎಂಬ ಚರ್ಚೆಗೆ ಪುಟಗಟ್ಟಲೆ ಖರ್ಚಾಗಿದೆ. ಅದಕ್ಕಿಂತ ಕಿರೀಟದ ವಿವರ ನೋಡಬೇಕು. ಹಿಂದೊಮ್ಮೆ ಇಲ್ಲಿನ ಒಡೆಯನೊಬ್ಬ ನೆಲ ಅಗೆಯುವಾಗ ರತ್ನಖಚಿತ ಶಿರೋಭೂಷಣ ಸಿಕ್ಕಿತೆಂದೂ, ಹೊಸವರ್ಷದ ದಿನ ಒಡೆಯ ಅದನ್ನು ಧರಿಸಿ ಜನರ ವಂದನೆ ಸ್ವೀಕರಿಸುತ್ತಾನೆಂದೂ ವಾಂಗ್ ಬರೆದಿದ್ದಾನೆ. ಒಂದು ಕಥೆಯಲ್ಲಿ ಕಿರೀಟ ಕಡಲಿಗೆ ಹೋಗುತ್ತದೆ, ಇನ್ನೊಂದರಲ್ಲಿ ನೆಲದಿಂದ ಮೇಲೆ ಬರುತ್ತದೆ. ಅರಸನ ಹಕ್ಕು ಕಿರೀಟದಿಂದ ಬಂತೇ, ರಕ್ತದಿಂದ ಬಂತೇ ಎಂಬ ಪ್ರಶ್ನೆಗೆ ಸ್ಥಳೀಯರು ಒಂದು ಉತ್ತರ ಇಟ್ಟುಕೊಂಡಿದ್ದರು, ಜೊಹೋರ್ ಆಸ್ಥಾನ ಇನ್ನೊಂದು ಕೊಟ್ಟಿತು. ಪಲೆಂಬಾಂಗ್ ವಂಶದವರಿಗೆ ಕಿರೀಟವಿಲ್ಲದೆಯೂ ಅರಸುತನವಿದೆ ಎಂಬುದು ಆಸ್ಥಾನದ ವಾದ.

ರಾಜ್ಯ ಹುಟ್ಟಿದ್ದು 1299ರಲ್ಲಿ ಎಂದು ಎಲ್ಲೆಡೆ ಅಚ್ಚಾಗುತ್ತದೆ. ಅದು ಯಾವ ಶಾಸನದಲ್ಲೂ ಇರುವ ತೇದಿಯಲ್ಲ. ಅರಸರ ಆಳ್ವಿಕೆಯ ವರ್ಷಗಳನ್ನು ಹಿಂದಕ್ಕೆ ಎಣಿಸಿ ತೆಗೆದದ್ದು. ಎಣಿಕೆ ಶುರುವಾಗುವ ತುದಿಯೇ ಅಲುಗಾಡುತ್ತಿರುವಾಗ ಮೊದಲ ತುದಿಯನ್ನು ಒಂದು ವರ್ಷಕ್ಕೆ ಗಟ್ಟಿಮಾಡುವುದು ಸರಿಯಲ್ಲ. ಚೀನೀ ದಾಖಲೆಗಳು ಕೊಡುವ ಆಸರೆ ಬೇರೆ: 1320ರಲ್ಲಿ ಯುವಾನ್ ಆಸ್ಥಾನ ಪಳಗಿದ ಆನೆ ತರಲು ಲೊಂಗ್-ಯಾ-ಮೆನ್‌ಗೆ ದೂತರನ್ನು ಕಳಿಸಿತು, 1325ರಲ್ಲಿ ಅಲ್ಲಿಂದ ಕಾಣಿಕೆ ಹೋಯಿತು. ಈ ಲೊಂಗ್-ಯಾ-ಮೆನ್ ಇಂದಿನ ಕೆಪೆಲ್ ಬಂದರಿನ ಬಾಯಿ.

ಮೂರು ಕೊಲೆಗಳು

ನಾಲ್ಕನೆಯ ಅರಸ ಪಾದುಕ ಶ್ರೀ ಮಹಾರಾಜನ ಕಾಲದಲ್ಲಿ ಕರಾರು ಬಿರುಕುಬಿಡತೊಡಗುತ್ತದೆ. ಸುಮಾತ್ರಾದ ಪಾಸೈನಿಂದ ಬಂದ ತುನ್ ಜಾನಾ ಖಾತಿಬ್ ಎಂಬ ಪಂಡಿತ ಅರಮನೆಯ ಬಳಿ ನಿಂತು ಒಂದು ಅಡಿಕೆ ಮರವನ್ನು ದಿಟ್ಟಿಸುತ್ತಾನೆ, ಮರ ಎರಡಾಗಿ ಸೀಳುತ್ತದೆ. ರಾಣಿ ಕಿಟಕಿಯಿಂದ ನೋಡುತ್ತಿದ್ದಳು, ಅವಳು ಕಾಣಲೆಂದೇ ಇವನು ವಿದ್ಯೆ ತೋರಿಸಿದ ಎಂದು ಅರಸನಿಗೆ ಹೊಟ್ಟೆಕಿಚ್ಚು. ವಿಚಾರಣೆಯಿಲ್ಲದೆ ಕೊಲ್ಲಿಸುತ್ತಾನೆ. ರಕ್ತ ನೆಲಕ್ಕೆ ಬಿದ್ದರೂ ಹೆಣ ಸಿಗುವುದಿಲ್ಲ, ಅದು ಲಂಕಾವಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಎರಡನೆಯದು ತೊಡಕ್ ಮೀನಿನ ದಾಳಿ, ಈ ಕಥೆಯ ಅತಿ ಪ್ರಸಿದ್ಧ ಭಾಗ. ಈಟಿಮೂತಿಯ ಮೀನುಗಳು ಹಿಂಡುಹಿಂಡಾಗಿ ದಡಕ್ಕೆ ಎಗರಿ ಜನರನ್ನು ತಿವಿದು ಕೊಲ್ಲುತ್ತವೆ. ಅರಸ ಜನರನ್ನೇ ಸಾಲಾಗಿ ನಿಲ್ಲಿಸಿ ಅವರ ಕಾಲುಗಳ ಗೋಡೆ ಕಟ್ಟಿಸುತ್ತಾನೆ, ಹೆಣಗಳು ಬೀಳುತ್ತಲೇ ಇರುತ್ತವೆ. ಒಬ್ಬ ಹುಡುಗ ಹೇಳುತ್ತಾನೆ: ನಮ್ಮ ಕಾಲಿನ ಬದಲು ಬಾಳೆದಿಂಡಿನ ಗೋಡೆ ಮಾಡಬಾರದೇ? ಮೂತಿ ದಿಂಡಿಗೆ ನಾಟುತ್ತದೆ, ಮೀನು ಕಿತ್ತುಕೊಳ್ಳಲಾರದೆ ಒದ್ದಾಡುತ್ತದೆ, ಜನ ಕಡಿದುಹಾಕುತ್ತಾರೆ. ಇದು ಬರೀ ಅದ್ಭುತಕಥೆಯಲ್ಲ ಎನ್ನುವುದಕ್ಕೆ ಕಾರಣವಿದೆ. ಸೂಜಿಮೂತಿಯ ಮೀನುಗಳು ರಾತ್ರಿ ದೀಪದ ಬೆಳಕಿಗೆ ನೀರಿನಿಂದ ಎಗರಿ ಮೀನುಗಾರರನ್ನು ತಿವಿಯುವುದು ಇಂದಿಗೂ ಉಷ್ಣವಲಯದ ಕಡಲುಗಳಲ್ಲಿ ನಡೆಯುತ್ತದೆ, ಸಾವೂ ಆಗಿವೆ. ಬಾಳೆದಿಂಡೂ ಸರಿಯಾದ ಆಯ್ಕೆ: ನೀರು ತುಂಬಿದ ಮೆತ್ತನೆಯ ಪದರಗಳು ಮೂತಿಯನ್ನು ಒಳಬಿಟ್ಟು ಹಿಡಿದಿಡುತ್ತವೆ. ಆಮೇಲೆ ಮಂತ್ರಿಗಳು ಅರಸನ ಕಿವಿ ಕಚ್ಚುತ್ತಾರೆ. ಈಗಲೇ ಇಷ್ಟು ಬುದ್ಧಿವಂತ, ದೊಡ್ಡವನಾದರೆ? ಹುಡುಗನನ್ನು ಕೊಲ್ಲಿಸಲಾಗುತ್ತದೆ. ಆ ಪಾಪದ ಹೊರೆ ಊರಿನ ಮೇಲೆ ಬಿತ್ತು ಎಂದು ಮಲಯ ಚರಿತ್ರೆ ನೇರವಾಗಿಯೇ ಹೇಳುತ್ತದೆ. ಬುಕಿತ್ ಮೆರಾ ಗುಡ್ಡದ ಕೆಂಪು ಆ ಹುಡುಗನ ರಕ್ತದ್ದೆಂಬುದು ಆಮೇಲಿನ ಜನಪದ. ಮಣ್ಣು ಕೆಂಪಾದದ್ದು ಕಬ್ಬಿಣದ ಆಕ್ಸೈಡಿನಿಂದ.

ಮೂರನೆಯದೇ ಪತನಕ್ಕೆ ನೇರ ಕಾರಣ. ಐದನೆಯ ಅರಸ ಇಸ್ಕಂದರ್ ಷಾನ ಅಂತಃಪುರದಲ್ಲಿ ಭಂಡಾರದ ಅಧಿಕಾರಿ ಸಾಂಗ್ ರಜುನ ತಾಪನ ಮಗಳಿದ್ದಳು, ರೂಪವತಿ, ಅರಸನಿಗೆ ಬಲು ಪ್ರೀತಿಯವಳು. ಉಳಿದ ಉಪಪತ್ನಿಯರು ಅವಳ ನಡತೆಯ ಮೇಲೆ ಚಾಡಿ ಹೇಳಿದರು. ಅರಸ ವಿಚಾರಿಸಲಿಲ್ಲ. ಅವಳನ್ನು ಪೇಟೆಯ ತುದಿಯಲ್ಲಿ ಶೂಲಕ್ಕೇರಿಸಿದ. ತಂದೆಯ ಮಾತನ್ನು ಗಮನಿಸಿ. ನನ್ನ ಮಗಳು ತಪ್ಪು ಮಾಡಿದ್ದೇ ನಿಜವಾದರೆ ಸುಮ್ಮನೆ ಕೊಂದುಬಿಡಬಹುದಿತ್ತು, ಹೀಗೆ ಮಾನ ಕಳೆದದ್ದೇಕೆ ಎಂಬುದು ಅವನ ಸಂಕಟ. ಮಗಳ ಸಾವಿಗಿಂತ ಸಾವಿನ ರೀತಿಯ ಮೇಲೆ ಅವನ ದೂರು ನಿಂತಿದೆ. ದೆಮಾಂಗ್ ಹಾಕಿದ್ದ ಕರಾರಿನ ಒಕ್ಕಣೆಯೇ ಇಲ್ಲಿ ದೂರಾಗಿ ಮರಳಿದೆ. ಪೇಟೆಯ ತುದಿ ಎಂಬ ಸ್ಥಳನಿರ್ದೇಶ ಅದಕ್ಕೇ ಇದೆ: ಎಲ್ಲರ ಕಣ್ಣೆದುರು.

ಅಕ್ಕಿಯ ಲೆಕ್ಕ

ರಜುನ ತಾಪ ಮಜಪಾಹಿತ್‌ಗೆ ಗುಟ್ಟಾಗಿ ಓಲೆ ಕಳಿಸುತ್ತಾನೆ: ಬರುವುದಾದರೆ ಈಗಲೇ ಬನ್ನಿ, ಒಳಗಿನಿಂದ ನಾನಿದ್ದೇನೆ. ಜಾವಾದಿಂದ 300 ಜೊಂಗ್ ಹಡಗುಗಳು, ಲೆಕ್ಕವಿಲ್ಲದಷ್ಟು ಸಣ್ಣ ದೋಣಿಗಳು, ಎರಡು ಲಕ್ಷ ಸೈನಿಕರು. ಹಿಂದೊಮ್ಮೆ ಎರಡನೆಯ ಅರಸನ ಕಾಲದಲ್ಲಿ ಬಂದ ಜಾವಾ ಪಡೆಯನ್ನು ಸಿಂಗಪುರ ಹಿಮ್ಮೆಟ್ಟಿಸಿತ್ತು. ಈ ಬಾರಿಯೂ ಕೋಟೆ ಹಿಡಿದುಕೊಂಡೇ ಇತ್ತು. ಒಂದು ತಿಂಗಳ ಮೇಲೆ ಅರಸ ಉಗ್ರಾಣದ ಅಕ್ಕಿ ಹಂಚಲು ಹೇಳಿದಾಗ ರಜುನ ತಾಪ ಅಕ್ಕಿ ಇಲ್ಲ ಎಂದ. ಬೆಳಗಿನ ಜಾವ ಬಾಗಿಲು ತೆರೆದ.

ಎರಡು ಲಕ್ಷ ಎಂಬ ಸಂಖ್ಯೆಯನ್ನು ಅಕ್ಕಿಯಿಂದಲೇ ಪರೀಕ್ಷಿಸಬಹುದು. ಆಳಿಗೆ ದಿನಕ್ಕೆ ಅರ್ಧ ಕಿಲೋ ಎಂದರೆ ದಿನಕ್ಕೆ 100 ಟನ್, ತಿಂಗಳಿಗೆ 3,000 ಟನ್. ಭತ್ತ ಬೆಳೆಯದ ದ್ವೀಪದ ದಡದಲ್ಲಿ ಕೂತು ಅಷ್ಟನ್ನು ಜಾವಾದಿಂದ ತರಿಸಿಕೊಳ್ಳಬೇಕು. ಅದು ಆಗುವ ಮಾತಲ್ಲ. ವಾಂಗ್ ಕೊಡುವ ಸಂಖ್ಯೆ ನಂಬುವಂಥದು: ಸಯಾಮಿನವರು ಎಪ್ಪತ್ತು ಚಿಲ್ಲರೆ ಹಡಗುಗಳಲ್ಲಿ ಬಂದು ದಾನ್-ಮಾ-ಶಿಯನ್ನು ಮುತ್ತಿದರು, ಊರಿನವರು ಬಾಗಿಲು ಮುಚ್ಚಿಕೊಂಡು ಒಂದು ತಿಂಗಳು ತಡೆದರು, ರಾಜದೂತನೊಬ್ಬ ಆ ದಾರಿಯಲ್ಲಿ ಹಾದು ಬಂದಾಗ ಮುತ್ತಿಗೆ ಹಾಕಿದವರು ಕಾಲ್ತೆಗೆದರು. ಇದು 1349ಕ್ಕೆ ಕೆಲವೇ ವರ್ಷ ಹಿಂದಿನ ಮಾತು.

ಒಂದು ತಿಂಗಳು, ಮುಚ್ಚಿದ ಬಾಗಿಲು. ಎರಡೂ ಕಥೆಗಳಲ್ಲಿ ಅದೇ ಅವಧಿ, ಅದೇ ರಕ್ಷಣೆ. ಮಲಯ ಚರಿತ್ರೆಕಾರರಿಗೆ ಚೀನೀ ವರ್ತಕನ ಬರಹ ಗೊತ್ತಿರಲು ಕಾರಣವಿಲ್ಲ. ಹಾಗಾದರೆ ಒಂದು ತಿಂಗಳು ಎಂಬುದು ಊರಿನ ನಿಜವಾದ ಮಿತಿ ಇರಬೇಕು. ನೀರಿಗೆ ಬರವಿರಲಿಲ್ಲ, ಗುಡ್ಡದ ಮಗ್ಗುಲಲ್ಲೇ ಬುಗ್ಗೆಯಿತ್ತು. ಕೊರತೆ ಅಕ್ಕಿಯದು. ಗೋಡೆಯೊಳಗೆ ಐದು ಸಾವಿರ ಬಾಯಿ ಎಂದು ಊಹೆಗೆ ಇಟ್ಟುಕೊಂಡರೂ ತಿಂಗಳಿಗೆ 75 ಟನ್ ಬೇಕು. ಉಷ್ಣವಲಯದ ಸೆಕೆಯಲ್ಲಿ, ಗಾಳಿಯಾಡದ ಉಗ್ರಾಣದಲ್ಲಿ ಹುಳ ಮತ್ತು ಬೂಸ್ಟಿನ ನಡುವೆ ಅದಕ್ಕಿಂತ ಹೆಚ್ಚು ಕೂಡಿಡುವುದು ಸುಲಭವಲ್ಲ. ಇನ್ನೊಂದು ಕಷ್ಟ: ಈ ಕಡಲಲ್ಲಿ ಮಾರಾಟಕ್ಕೆ ಮಿಗುವಷ್ಟು ಅಕ್ಕಿ ಬೆಳೆಯುತ್ತಿದ್ದ ದೊಡ್ಡ ನಾಡುಗಳು ಜಾವಾ ಮತ್ತು ಸಯಾಂ. ಸಿಂಗಪುರವನ್ನು ಮುತ್ತಬಲ್ಲವರೂ ಅವರೇ. ಒಬ್ಬರ ಜೊತೆ ಕೆಟ್ಟರೆ ಇನ್ನೊಬ್ಬರ ಅಕ್ಕಿ ಬೇಕು, ಇಬ್ಬರ ಜೊತೆಗೂ ಕೆಟ್ಟರೆ ಊರು ಒಂದು ತಿಂಗಳ ಊರು. ಇಂಥ ಜಾಗದಲ್ಲಿ ದಂಡನಾಯಕನಿಗಿಂತ ಉಗ್ರಾಣದ ಬೀಗ ಇಟ್ಟುಕೊಂಡವನು ದೊಡ್ಡವನು. ಕಥೆ ದ್ರೋಹಿಯ ಪಾತ್ರಕ್ಕೆ ಅವನನ್ನೇ ಆರಿಸಿದ್ದು ಕಾಕತಾಳೀಯವಲ್ಲ.

ತೀರ್ಪು ಎರಡೂ ಕಡೆಗೆ ಬೀಳುತ್ತದೆ. ಮಾತು ಮೊದಲು ಮುರಿದ ಅರಸ ಊರು ಕಳೆದುಕೊಂಡು ಸೆಲೆತಾರ್ ಮೂಲಕ ಮುವಾರಿಗೆ ಓಡುತ್ತಾನೆ. ದ್ರೋಹವೆಸಗಿದ ರಜುನ ತಾಪನಿಗೂ ಬಿಡುಗಡೆಯಿಲ್ಲ. ಅವನ ಮನೆ ಕುಸಿಯುತ್ತದೆ, ಉಗ್ರಾಣದ ಅಕ್ಕಿ ಮಣ್ಣಾಗುತ್ತದೆ, ಗಂಡ ಹೆಂಡತಿ ಇಬ್ಬರೂ ಕಲ್ಲಾಗಿ ಕಂದಕದಲ್ಲಿ ಬೀಳುತ್ತಾರೆ. ಇಲ್ಲ ಎಂದು ಸುಳ್ಳು ಹೇಳಿದ ಅಕ್ಕಿಯೇ ಮಣ್ಣಾಯಿತು.

ಪಿರೆಸ್ ಹೇಳುವ ಕಥೆ

ಪಿರೆಸ್‌ನ ಕಥೆಯಲ್ಲಿ ಹಳೆಯ ಐದು ಅರಸರೇ ಇಲ್ಲ. ಪಲೆಂಬಾಂಗ್‌ನ ರಾಜಕುಮಾರ ಪರಮೇಶ್ವರ ಜಾವಾದ ಹಿಡಿತ ಕಿತ್ತೊಗೆಯಲು ಹೋಗಿ ಸೋತು, ಬೆಂಬಲಿಗರೊಡನೆ ಸಿಂಗಪುರಕ್ಕೆ ಬರುತ್ತಾನೆ. ಅಲ್ಲಿ ಸಯಾಮಿಗೆ ಅಧೀನನಾದ ಸ್ಥಳೀಯ ಒಡೆಯನೊಬ್ಬ ಅವನನ್ನು ಬರಮಾಡಿಕೊಳ್ಳುತ್ತಾನೆ. ಎಂಟು ದಿನದಲ್ಲಿ ಪರಮೇಶ್ವರ ಅವನನ್ನು ಕೊಂದು ಊರು ತನ್ನದಾಗಿಸಿಕೊಳ್ಳುತ್ತಾನೆ. ಐದು ವರ್ಷ ಆಳಿದ ಮೇಲೆ ಸಯಾಂ ಕಡೆಯವರು ಸೇಡಿಗೆ ಬಂದಾಗ ಸುಮಾರು ಸಾವಿರ ಜನರೊಂದಿಗೆ ಮುವಾರಿಗೆ ಓಡುತ್ತಾನೆ, ಅಲ್ಲಿ ಆರು ವರ್ಷ ಇರುತ್ತಾನೆ. ಜಲಸಂಧಿಯ ಕಡಲಜನ ಅವನ ಬೆನ್ನಿಗಿದ್ದು ಮಲಕ್ಕಾದ ದಾರಿ ತೋರಿಸುತ್ತಾರೆ.

ಇಲ್ಲಿ ವರ್ಷಗಳು ಕೂಡುತ್ತವೆ. 1403ರಲ್ಲಿ ಮಿಂಗ್ ಚಕ್ರವರ್ತಿ ಮಲಕ್ಕಾಗೆ ದೂತನನ್ನು ಕಳಿಸಿದ, 1405ರಲ್ಲಿ ಪರಮೇಶ್ವರನ ದೂತರು ಚೀನಾಕ್ಕೆ ಹೋದರು, 1411ರಲ್ಲಿ ಅವನೇ ಹೋದ. ಅಂದರೆ 1403ಕ್ಕೆ ಮಲಕ್ಕಾ ಇತ್ತು. ಅಲ್ಲಿಂದ ಆರು ವರ್ಷ ಹಿಂದೆ ಹೋದರೆ ಓಟ 1397ರ ಹೊತ್ತಿಗೆ ಅಥವಾ ಮೊದಲು, ಇನ್ನೈದು ವರ್ಷ ಹಿಂದೆ ಹೋದರೆ ಅವನು ಬಂದದ್ದು 1392ರ ಹೊತ್ತಿಗೆ ಅಥವಾ ಮೊದಲು. ಮಜಪಾಹಿತ್‌ನ ಅರಸ ಹಯಾಮ್ ವುರುಕ್ ಸತ್ತದ್ದು 1389ರಲ್ಲಿ. ಪಲೆಂಬಾಂಗ್‌ನ ರಾಜಕುಮಾರನೊಬ್ಬ ತಲೆಯೆತ್ತಲು ಅದು ಒದಗಿದ ಕಾಲ. ಪಿರೆಸ್‌ನ ಕಾಲಕ್ರಮ ಹೊರಗಿನ ದಾಖಲೆಗಳ ಜೊತೆ ಹೊಂದುವಷ್ಟು ಮಲಯ ಕಥೆಯದು ಹೊಂದುವುದಿಲ್ಲ.

ಬರೆಯುವವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಪರಮೇಶ್ವರನೇ ಮತಾಂತರವಾಗಿ ಇಸ್ಕಂದರ್ ಷಾ ಆದ ಎಂದು ಬರೆದುಬಿಡುತ್ತಾರೆ. ಮಿಂಗ್ ದಾಖಲೆಯಲ್ಲಿ 1414ರಲ್ಲಿ ಅರಸನ ಮಗ ಬಂದು ತಂದೆ ತೀರಿಕೊಂಡ ಸುದ್ದಿ ತಿಳಿಸುತ್ತಾನೆ. ಇಸ್ಕಂದರ್ ಷಾ ಎಂಬ ಹೆಸರು ಆ ಮಗನಿಗೆ ಸೇರಿದ್ದೆಂದು ಹಿಡಿದರೆ ಗೋಜಲು ಬಿಡಿಸಿಕೊಳ್ಳುತ್ತದೆ. ಮಲಯ ಚರಿತ್ರೆ ಮಗನ ಹೆಸರನ್ನು ಹಿಂದಕ್ಕೆ ಎಳೆದು ಸಿಂಗಪುರದ ಕೊನೆಯ ಅರಸನಿಗೆ ತೊಡಿಸಿದೆ. ಫೋರ್ಟ್ ಕ್ಯಾನಿಂಗ್ ಇಳಿಜಾರಿನಲ್ಲಿರುವ ಇಸ್ಕಂದರ್ ಷಾ ಗೋರಿಯೂ ಈ ಗೋಜಲಿಗೆ ಸೇರಿದ್ದು. ಕ್ರಾಫರ್ಡ್‌ಗೆ 1822ರಲ್ಲೇ ಅದನ್ನು ಅರಸನ ಸಮಾಧಿ ಎಂದು ತೋರಿಸಿದ್ದರು. ಎರಡೂ ಕಥೆಗಳಲ್ಲಿ ಕೊನೆಯ ಅರಸ ಓಡಿಹೋದವನು, ಇಲ್ಲಿ ಸತ್ತವನಲ್ಲ. ಆ ಜಾಗಕ್ಕಿರುವ ಭಕ್ತಿ ನಿಜ, ಸಮಾಧಿಯ ಗುರುತು ಒಪ್ಪತಕ್ಕದ್ದಲ್ಲ.

ಜೊಹೋರ್ ಆಸ್ಥಾನ ಪಿರೆಸ್‌ನ ಕಥೆಯನ್ನು ಯಾಕೆ ಬಿಟ್ಟಿತು ಎಂದು ಊಹಿಸುವುದು ಕಷ್ಟವಲ್ಲ. ಮಲಕ್ಕಾ ವಂಶದ ಮೂಲಪುರುಷ ಆಶ್ರಯ ಕೊಟ್ಟವನನ್ನು ಎಂಟೇ ದಿನದಲ್ಲಿ ಕೊಂದ ಎಂದು ಅದೇ ವಂಶದ ಅನ್ನ ತಿನ್ನುವವರು ಬರೆಯುವುದಾದರೂ ಹೇಗೆ? ಪಲೆಂಬಾಂಗ್‌ನಿಂದ ಮಲಕ್ಕಾವರೆಗೆ ಮುರಿಯದ ರಾಜರ ಸಾಲು ತೋರಿಸುವುದು ಅವರ ಕೆಲಸವಾಗಿತ್ತು, ಅದಕ್ಕೆ ನಡುವೆ ಸಿಂಗಪುರದ ಐದು ಅರಸರು ಬೇಕಾದರು. ಆದರೂ ಅವರು ತಮ್ಮ ಅರಸರನ್ನು ಹೊಗಳಿ ಬಿಡಲಿಲ್ಲ. ಮೂರು ಅನ್ಯಾಯದ ಕೊಲೆಗಳನ್ನು ಅವರ ಹೆಸರಿಗೇ ಬರೆದರು. ಅರಮನೆಯ ಲೇಖಕನಿಗೆ ಇದಕ್ಕಿಂತ ಹೆಚ್ಚಿನ ಧೈರ್ಯ ಸಾಧ್ಯವಿರಲಿಲ್ಲ.

ಹೀಗೆ ಓದುವುದು ಸರಿಯೇ ಎಂದು ಪರೀಕ್ಷಿಸಲು ಅದೇ ಪುಸ್ತಕದಲ್ಲಿ ಇನ್ನೊಂದು ಪತನವಿದೆ. ಮಲಕ್ಕಾದ ಸುಲ್ತಾನ್ ಮಹಮೂದ್ ಸುಳ್ಳು ದೂರು ನಂಬಿ ತನ್ನ ಪ್ರಧಾನ, ಬೆಂದಹಾರ ಶ್ರೀ ಮಹಾರಾಜನನ್ನು ಮನೆಮಂದಿಯೊಂದಿಗೆ ಕೊಲ್ಲಿಸುತ್ತಾನೆ. ಬಹುಬೇಗ, 1511ರಲ್ಲಿ, ಊರು ಅಲ್ಬುಕರ್ಕ್‌ನ ಪೋರ್ಚುಗೀಸ್ ಪಡೆಯ ಪಾಲಾಗುತ್ತದೆ. ಮಲಕ್ಕಾದಲ್ಲಿ ಚರಿತ್ರೆ ಹೊರಗಿನ ಶತ್ರುವಿನ ಹೆಸರು ಸರಿಯಾಗಿಯೇ ಹೇಳುತ್ತದೆ. ಕಾರಣವೆಂದು ಎತ್ತಿ ತೋರಿಸುವುದು ಮಾತ್ರ ಒಳಗಿನ ಕೊಲೆಯನ್ನು. ಬರೆದವರ ಅಜ್ಜಂದಿರ ಕಾಲದ ಪತನ ಅದು, ಶತ್ರುವನ್ನು ಬದಲಿಸುವ ಹಾಗಿರಲಿಲ್ಲ. ಸಿಂಗಪುರದ ವಿಷಯದಲ್ಲಿ ಇನ್ನೂರು ವರ್ಷ ಕಳೆದಿತ್ತು. 1340ರ ದಶಕದ ಸಯಾಂ ಮುತ್ತಿಗೆ, ಪಲೆಂಬಾಂಗ್ ಮೇಲಿನ ಜಾವಾ ಹಗೆ, 1390ರ ದಶಕದ ಸೇಡಿನ ದಾಳಿ, ಮೂರೂ ಬೆಸೆದು ಒಂದು ಮಹಾಮುತ್ತಿಗೆಯಾಗುವಷ್ಟು ಸಮಯ ಅದು. ಆದ್ದರಿಂದ ದಾಳಿಕಾರನ ಮಟ್ಟಿಗೆ ಪಿರೆಸ್ ಕಡೆಗೇ ತೂಕ ಹೆಚ್ಚು. ಮುತ್ತಿಗೆಯ ಸ್ವರೂಪಕ್ಕೆ ವಾಂಗ್ ಸಾಕ್ಷಿ. ಅಕ್ಕಿ ಮುಗಿದರೆ ಊರು ಮುಗಿಯಿತು ಎಂಬುದನ್ನೂ, ಮಾನ ಕಳೆದುಕೊಂಡ ಪ್ರಜೆ ಬಾಗಿಲ ಬಳಿ ನಿಂತಾಗ ಗೋಡೆಯ ಅಗಲ ಕೆಲಸಕ್ಕೆ ಬಾರದು ಎಂಬುದನ್ನೂ ಮಲಯ ಚರಿತ್ರೆಯಷ್ಟು ಚೆನ್ನಾಗಿ ಬೇರಾರೂ ಬರೆದಿಲ್ಲ.

ಅರಸ ಹೋದ ಮೇಲೂ ಊರು ಪೂರ್ತಿ ಬರಿದಾಗಲಿಲ್ಲ. ಮಲಕ್ಕಾದ ಪೋರ್ಚುಗೀಸ್ ನಕ್ಷೆಕಾರ ಗೊದಿನ್ಯೊ ಡಿ ಎರೆದಿಯಾ 1604ರಲ್ಲಿ ಬರೆದ ನಕ್ಷೆಯಲ್ಲಿ ಈ ದಡದ ಮೇಲೆ ಶಾಬಂದರನ ಠಾಣೆ ಗುರುತಾಗಿದೆ. ಬಂದರಿನ ಸುಂಕ ವಸೂಲಿ ಮಾಡುವ ಅಧಿಕಾರಿ ಆಗಲೂ ಅಲ್ಲಿ ಕೂರುತ್ತಿದ್ದ.